ಹೊಗೆಸೊಪ್ಪಿನ ಎಲೆಯ ಚುಕ್ಕೆ, ನಮ್ಮ ಎದೆಯ ಬಿಗಿತ



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ. ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಹೆಸರು ಹೇಳಿದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ಕೆಮ್ಮಣ್ಣಿನ ಹೊಲ, ಅದರಲ್ಲಿ ಸೊಂಪಾಗಿ ಹರಡಿಕೊಂಡ ಹೊಗೆಸೊಪ್ಪು, ಹೊಲದ ಅಂಚಿನಲ್ಲಿ ಎತ್ತರಕ್ಕೆ ನಿಂತ ಬ್ಯಾರನ್ನು. ಕಾವೇರಿ ನಾಲೆಯ ನೀರು ಕಂಡ ಕೃಷ್ಣರಾಜನಗರದ ಕಡೆ ಭತ್ತದ ಗದ್ದೆಗಳೂ ಕಾಣುತ್ತವೆ; ಹೆಗ್ಗಡದೇವನಕೋಟೆಯ ಕಡೆ ಕಬಿನಿ ಜಲಾಶಯ ಮತ್ತು ನಾಗರಹೊಳೆಯ ಕಾಡು ಕಾಣುತ್ತವೆ. ಹಳ್ಳಿಗಾಡು, ಹಸಿರು, ಕಾಡಿನ ಗಾಳಿ. ಇಂಥ ಕಡೆ ಓಜೋನ್ ಎಂಬ ಅನಿಲದ ಮಾತು ಏಕೆ ಎಂದು ನೀವು ಕೇಳಬಹುದು. ಅದು ನಗರದವರ ಸಮಸ್ಯೆಯಲ್ಲವೇ ಎನ್ನಬಹುದು. ಅಲ್ಲ ಎಂದು ಹೇಳುವುದಕ್ಕಾಗಿಯೇ ಇಂದಿನ ಈ ಮಾತು.

ಓಜೋನ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಆಕಾಶದ ಓಜೋನ್ ಪದರ. ಶಾಲೆಯ ಮಕ್ಕಳನ್ನು ಕೇಳಿದರೂ ಹೇಳುತ್ತಾರೆ: ಅದು ಭೂಮಿಗೆ ಹಿಡಿದ ಕೊಡೆ, ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ, ಅದಕ್ಕೆ ತೂತು ಬಿದ್ದಿತ್ತು. ಈ ಮಾತು ನಿಜವೇ. ಅಂಟಾರ್ಕ್ಟಿಕಾದ ಮೇಲೆ ಓಜೋನ್ ತೆಳುವಾಗಿರುವ ಸಂಗತಿ 1985ರಲ್ಲಿ ಪ್ರಕಟವಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಅದರ ನೆನಪಿಗೆ ಪ್ರತಿ ವರ್ಷ ಸೆಪ್ಟೆಂಬರ್ 16ನ್ನು ಓಜೋನ್ ದಿನವೆಂದು ಆಚರಿಸುತ್ತೇವೆ. ಈ ಪ್ರಚಾರದಿಂದ ಒಳ್ಳೆಯದೇ ಆಯಿತು. ಆದರೆ ಒಂದು ತಪ್ಪು ಕಲ್ಪನೆಯೂ ಜೊತೆಯಲ್ಲೇ ಬೆಳೆಯಿತು. ಓಜೋನ್ ಎಂದರೆ ಒಳ್ಳೆಯದು, ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಭಾವನೆ ಜನರಲ್ಲಿ ನಿಂತುಬಿಟ್ಟಿತು.

ವಾಸ್ತವವೇನೆಂದರೆ, ನೆಲದಿಂದ ಹದಿನೈದು ಇಪ್ಪತ್ತು ಕಿಲೋಮೀಟರಿನಾಚೆ ಇರುವ ಓಜೋನ್ ನಮ್ಮನ್ನು ಕಾಯುತ್ತದೆ. ಅದೇ ಅನಿಲ ನಮ್ಮ ಮೂಗಿನ ಮಟ್ಟಕ್ಕೆ ಬಂದರೆ ಎದೆಯನ್ನು ಸುಡುತ್ತದೆ. ಬೆಂಕಿ ಒಲೆಯಲ್ಲಿದ್ದರೆ ಅನ್ನ ಬೇಯುತ್ತದೆ, ಸೂರಿಗೆ ಹತ್ತಿದರೆ ಮನೆ ಬೇಯುತ್ತದೆ. ಪದಾರ್ಥ ಒಂದೇ, ಇರುವ ಜಾಗ ಬೇರೆ.

ಹಾಗಾದರೆ ಓಜೋನ್ ಎಂದರೇನು? ನಾವು ಉಸಿರಾಡುವ ಆಮ್ಲಜನಕದ ಕಣದಲ್ಲಿ ಎರಡು ಪರಮಾಣುಗಳು ಜೊತೆಯಾಗಿರುತ್ತವೆ. ಓಜೋನಿನಲ್ಲಿ ಮೂರು ಇರುತ್ತವೆ. ಈ ಮೂರನೆಯದು ಅಲ್ಲಿ ನೆಮ್ಮದಿಯಾಗಿ ನಿಲ್ಲುವುದಿಲ್ಲ. ಸಿಕ್ಕಿದ ವಸ್ತುವಿನ ಮೇಲೆ ಎರಗಿ ಅದನ್ನು ಉತ್ಕರ್ಷಿಸುತ್ತದೆ, ಅಂದರೆ ಕಬ್ಬಿಣಕ್ಕೆ ತುಕ್ಕು ಹಿಡಿಸುವಂಥ ಕೆಲಸವನ್ನು ಬಹು ವೇಗವಾಗಿ ಮಾಡುತ್ತದೆ. ಸಿಡಿಲು ಹೊಡೆದ ಮೇಲೆ ಅಥವಾ ವೆಲ್ಡಿಂಗ್ ಅಂಗಡಿಯ ಮುಂದೆ ಹಾದುಹೋಗುವಾಗ ಒಂದು ಚುರುಕಾದ ವಾಸನೆ ಬರುವುದನ್ನು ನೀವು ಗಮನಿಸಿರಬಹುದು. ಅದರಲ್ಲಿ ಓಜೋನಿನ ಪಾಲಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಶೋನ್‌ಬೈನ್ ಎಂಬ ವಿಜ್ಞಾನಿ 1840ರಲ್ಲಿ ಇದಕ್ಕೆ ಹೆಸರಿಟ್ಟಾಗ ‘ವಾಸನೆ’ ಎಂಬರ್ಥದ ಗ್ರೀಕ್ ಪದವನ್ನೇ ಆರಿಸಿಕೊಂಡರು.

ನೆಲಮಟ್ಟದ ಓಜೋನ್ ಯಾವ ಚಿಮಣಿಯಿಂದಲೂ ನೇರವಾಗಿ ಹೊರಬರುವುದಿಲ್ಲ. ಅದು ಗಾಳಿಯಲ್ಲೇ ಅಡಿಗೆಯಾಗುತ್ತದೆ. ಈ ಅಡಿಗೆಗೆ ಎರಡು ಸಾಮಗ್ರಿ ಬೇಕು, ಒಂದು ಒಲೆ ಬೇಕು. ಮೊದಲನೆಯ ಸಾಮಗ್ರಿ ಸಾರಜನಕದ ಆಕ್ಸೈಡುಗಳು. ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಹೊಗೆಯಲ್ಲಿ, ಸೌದೆ ಉರಿಯುವಲ್ಲಿ ಇವು ಹುಟ್ಟುತ್ತವೆ. ಎರಡನೆಯದು ಆವಿಯಾಗಿ ಹಾರುವ ಇಂಗಾಲದ ಸಂಯುಕ್ತಗಳು. ಪೆಟ್ರೋಲಿನ ಆವಿ, ಬಣ್ಣದ ಆವಿ, ಸೌದೆಯ ಹೊಗೆ ಇವುಗಳಲ್ಲಿ ಅವು ಇರುತ್ತವೆ. ಒಲೆ ಯಾವುದು? ನಮ್ಮ ಸೂರ್ಯ. ಬಿಸಿಲು ಖಾರವಾಗಿ, ಗಾಳಿ ಅಲುಗಾಡದೆ ನಿಂತ ದಿನ ಈ ಅಡಿಗೆ ಚೆನ್ನಾಗಿ ನಡೆಯುತ್ತದೆ. ಆದ್ದರಿಂದ ಓಜೋನ್ ಬೆಳಿಗ್ಗೆ ಕಡಿಮೆ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಹೆಚ್ಚು, ಕತ್ತಲಾದ ಮೇಲೆ ಮತ್ತೆ ಕಡಿಮೆ. ಮಳೆಗಾಲದ ಮೋಡ ಮುಸುಕಿದಾಗ ಕಡಿಮೆ, ಬೇಸಿಗೆಯಲ್ಲಿ ಹೆಚ್ಚು.

ಇಲ್ಲೊಂದು ವಿಚಿತ್ರ ಸಂಗತಿಯಿದೆ. ವಾಹನಗಳ ದಟ್ಟಣೆಯಿರುವ ನಗರದ ನಡುಮಧ್ಯದಲ್ಲಿ ಓಜೋನ್ ಎಷ್ಟೋ ವೇಳೆ ಕಡಿಮೆಯಿರುತ್ತದೆ. ಏಕೆಂದರೆ ವಾಹನಗಳು ಆಗತಾನೇ ಉಗುಳಿದ ನೈಟ್ರಿಕ್ ಆಕ್ಸೈಡ್ ಅಲ್ಲಿನ ಓಜೋನನ್ನು ತಿಂದುಹಾಕುತ್ತದೆ. ಅದೇ ಹೊಗೆ ಗಾಳಿಯ ಜೊತೆ ಊರಾಚೆ ಸಾಗುತ್ತಾ, ದಾರಿಯಲ್ಲಿ ಬಿಸಿಲು ಕಾಯುತ್ತಾ, ಹತ್ತಾರು ಕಿಲೋಮೀಟರು ದೂರದ ಹಳ್ಳಿಗಳ ಮೇಲೆ ಓಜೋನಾಗಿ ಮಾಗುತ್ತದೆ. ನಗರದ ಪಾಪ ಹಳ್ಳಿಗೆ ಅಂಟುವುದೆಂದರೆ ಇದೇ. ಹಳ್ಳಿಯ ಗಾಳಿಯೆಂದರೆ ಶುದ್ಧ ಗಾಳಿ ಎಂಬ ನಮ್ಮ ನಂಬಿಕೆ ಈ ಒಂದು ಅನಿಲದ ಮಟ್ಟಿಗೆ ಸಲ್ಲುವುದಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು ಮಡಿಕೇರಿಯ ಕಡೆ ಹೋಗುವ 275ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಗಲಿರುಳೂ ವಾಹನಗಳು. ಮನೆಮನೆಯಲ್ಲಿ ನೀರೊಲೆ. ಜನವರಿಯಿಂದ ಬದುಗಳಿಗೆ, ಒಣ ಕಸಕ್ಕೆ ಬೆಂಕಿ. ಫೆಬ್ರವರಿ ಮಾರ್ಚಿಯಲ್ಲಿ ಕಾಡಂಚಿನ ಕಾಳ್ಗಿಚ್ಚು. 2019ರ ಫೆಬ್ರವರಿಯಲ್ಲಿ ನೆರೆಯ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟುಹೋದುದು ನಿಮಗೆ ನೆನಪಿರಬಹುದು. ಗೊಬ್ಬರ ಹಾಕಿದ ಹೊಲದ ಮೇಲೆ ಮೊದಲ ಮಳೆ ಬಿದ್ದಾಗ ಮಣ್ಣಿನಿಂದಲೂ ಸಾರಜನಕದ ಆಕ್ಸೈಡು ಏಳುತ್ತದೆ. ಇನ್ನು ನೀಲಗಿರಿಯಂಥ ಮರಗಳು ಬಿಸಿಲಿಗೆ ಐಸೋಪ್ರೀನ್ ಎಂಬ ಆವಿಯನ್ನು ಬಿಡುತ್ತವೆ. ಮರ ತಪ್ಪಿತಸ್ಥನಲ್ಲ, ಹೊಗೆಯಿಲ್ಲದ ಕಾಡಿನಲ್ಲಿ ಆ ಆವಿಯಿಂದ ಹೆಚ್ಚು ಓಜೋನ್ ಹುಟ್ಟುವುದಿಲ್ಲ. ಹೊಗೆ ಜೊತೆ ಸೇರಿದಾಗಲೇ ಅಡಿಗೆ ಆಗುವುದು. ಅಂತೂ ಸಾಮಗ್ರಿಗೆ ಇಲ್ಲಿ ಬರವಿಲ್ಲ, ಬಿಸಿಲಿಗೂ ಬರವಿಲ್ಲ.

ಈಗ ಹೊಗೆಸೊಪ್ಪಿನ ವಿಷಯಕ್ಕೆ ಬರೋಣ. ಈ ಬೆಳೆಗೂ ಓಜೋನಿಗೂ ಇರುವ ನಂಟು ಬಹಳ ಜನರಿಗೆ ತಿಳಿಯದು. 1950ರ ದಶಕದಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ರೈತರು ಚುಟ್ಟದ ಹೊರಹೊದಿಕೆಗೆ ಬಳಸುವ ಬೆಲೆಬಾಳುವ ಹೊಗೆಸೊಪ್ಪನ್ನು ಬೆಳೆಯುತ್ತಿದ್ದರು. ಆ ಸೊಪ್ಪಿಗೆ ಕಲೆಯಿಲ್ಲದ ಮೈಯೇ ಬೆಲೆ. ಇದ್ದಕ್ಕಿದ್ದಂತೆ ಎಲೆಗಳ ಮೇಲ್ಮೈಯಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಕಾಣಿಸಿಕೊಂಡವು. ಹುಳುವಿಲ್ಲ, ಬೂಷ್ಟಿಲ್ಲ, ಆದರೂ ಎಲೆ ಚುಕ್ಕೆಚುಕ್ಕೆ. ಹವೆಯ ಬದಲಾವಣೆಯ ಜೊತೆ ಬರುತ್ತದೆಂದು ಅದನ್ನು ‘ಹವೆಯ ಚುಕ್ಕೆ’ ಎಂಬರ್ಥದ ಹೆಸರಿನಿಂದ ಕರೆದರು. ಹೆಗ್ಗೆಸ್ಟಡ್ ಮತ್ತು ಮಿಡಲ್‌ಟನ್ ಎಂಬ ವಿಜ್ಞಾನಿಗಳು 1959ರಲ್ಲಿ ಅದರ ಕಾರಣವನ್ನು ಪ್ರಕಟಿಸಿದರು. ಕಾರಣ ಓಜೋನ್! ಎಲೆ ಉಸಿರಾಡುವ ರಂಧ್ರಗಳಿಂದ ಒಳಗೆ ಹೊಕ್ಕ ಓಜೋನ್ ಎಲೆಯೊಳಗಿನ ಜೀವಕೋಶಗಳನ್ನು ಕೊಂದುಹಾಕುತ್ತಿತ್ತು. ಒಂದೆರಡು ದಿನದಲ್ಲಿ ಆ ಜಾಗ ಬಿಳಿಚಿಕೊಂಡು ಚುಕ್ಕೆಯಾಗುತ್ತಿತ್ತು.

ಮುಂದೆ ವಿಜ್ಞಾನಿಗಳು ಈ ದೌರ್ಬಲ್ಯವನ್ನೇ ಉಪಯೋಗಕ್ಕೆ ತಂದರು. ಬೆಲ್-ಡಬ್ಲ್ಯು-3 ಎಂಬ ಹೊಗೆಸೊಪ್ಪಿನ ತಳಿ ಓಜೋನಿಗೆ ಅತ್ಯಂತ ಸೂಕ್ಷ್ಮವಾದುದು. ಬೆಲ್-ಬಿ ಎಂಬುದು ತಡೆದುಕೊಳ್ಳುವಂಥದು. ಇವೆರಡನ್ನೂ ಅಕ್ಕಪಕ್ಕ ನೆಟ್ಟು, ಮೊದಲನೆಯದರಲ್ಲಿ ಚುಕ್ಕೆ ಎದ್ದು ಎರಡನೆಯದರಲ್ಲಿ ಏಳದಿದ್ದರೆ ಆ ಊರಿನ ಗಾಳಿಯಲ್ಲಿ ಓಜೋನ್ ಇದೆಯೆಂದು ತೀರ್ಮಾನಿಸುತ್ತಾರೆ. ಯೂರೋಪು ಅಮೆರಿಕಗಳಲ್ಲಿ ಯಂತ್ರವಿಲ್ಲದ ಕಡೆ ಈ ಗಿಡವೇ ಗಾಳಿಯ ಸಾಕ್ಷಿಯಾಗಿ ನಿಂತಿದೆ.

ಇದನ್ನು ಓದಿ ನಿಮ್ಮ ಹೊಲದ ಎಲೆಯ ಚುಕ್ಕೆಯೆಲ್ಲ ಓಜೋನಿನಿಂದ ಬಂದದ್ದೆಂದು ಭಾವಿಸಬೇಡಿ. ಕಪ್ಪೆಕಣ್ಣು ಚುಕ್ಕೆ ರೋಗ ಶಿಲೀಂಧ್ರದಿಂದ ಬರುತ್ತದೆ. ಅದರ ಚಿಕಿತ್ಸೆಯೇ ಬೇರೆ. ಸಂಶಯ ಬಂದರೆ ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದವರಿಗೆ ಎಲೆ ತೋರಿಸಿ. ಇನ್ನೂ ಒಂದು ಮಾತು. ನಮ್ಮ ಹೊಗೆಸೊಪ್ಪು ಮಳೆಯಾಶ್ರಯದ ಬೆಳೆ. ಮೇ ತಿಂಗಳಲ್ಲಿ ನಾಟಿ, ಮುಂಗಾರಿನಲ್ಲಿ ಬೆಳವಣಿಗೆ, ಆಮೇಲೆ ಬ್ಯಾರನ್ನು, ಹರಾಜು ಮಾರುಕಟ್ಟೆ. ಅಂದರೆ ಮೋಡ ಕವಿದು ಓಜೋನ್ ಕಡಿಮೆಯಿರುವ ಕಾಲದಲ್ಲೇ ಗಿಡ ಹೊಲದಲ್ಲಿರುತ್ತದೆ. ಓಜೋನ್ ಏರುವ ಫೆಬ್ರವರಿಯಿಂದ ಮೇವರೆಗಿನ ತಿಂಗಳುಗಳಲ್ಲಿ ಅದು ಸಸಿಮಡಿಯಲ್ಲಿ ಎಳೆಗೂಸು. ಸಾಕ್ಷಿ ಹೇಳುವ ದೊಡ್ಡ ಎಲೆ ಆಗ ಹೊಲದಲ್ಲಿಲ್ಲ. ಆದರೆ ಸಸಿಮಡಿಗೆ ನೀರು ಹಾಕುವ, ಕಳೆ ತೆಗೆಯುವ, ಹೊಲ ಹದಮಾಡುವ ಮನುಷ್ಯರು ಅಲ್ಲಿದ್ದಾರೆ. ಎಲೆಯಿಲ್ಲದ ಕಾಲದಲ್ಲಿ ಸಾಕ್ಷಿ ಹೇಳಬೇಕಾದುದು ಅವರ ಎದೆಯೇ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಏಪ್ರಿಲ್ ತಿಂಗಳ ಮಧ್ಯಾಹ್ನ. ಅರವತ್ತು ದಾಟಿದ ಹಿರಿಯರೊಬ್ಬರು ಸಸಿಮಡಿಯ ಕೆಲಸ ಮಾಡಿ ಬದುವಿನ ಮೇಲೆ ಕುಳಿತಿದ್ದಾರೆ.

“ಯಾಕೋ ಕಣವ್ವಾ, ಎದೆ ಹಿಡ್ಕಂಡಂಗಾಯ್ತದೆ. ಉಸುರು ಪೂರ್ತಿ ಎಳ್ಕಳಾಕೆ ಆಯ್ತಿಲ್ಲ. ಎಳುದ್ರೆ ಕೆಮ್ಮು ಬತ್ತದೆ” ಎನ್ನುತ್ತಾರೆ.

“ಈ ಉರಿಬಿಸ್ಲಲ್ಲಿ ಗೇಯ್ಬ್ಯಾಡಿ ಅಂತ ಎಷ್ಟು ಹೇಳಿದ್ರೂ ಕೇಳಲ್ಲ ನೀವು. ಮನೆ ಒಳಿಕ್ಕೆ ನಡೀರಿ ಮಾವ, ಮಜ್ಜಿಗೆ ಕೊಡ್ತೀನಿ” ಎನ್ನುತ್ತಾಳೆ ಸೊಸೆ.

ಸಂಜೆಯ ಹೊತ್ತಿಗೆ ಬಿಗಿತ ಇಳಿಯುತ್ತದೆ. ಬಿಸಿಲಿನ ಝಳ ಎಂದು ಎಲ್ಲರೂ ಮರೆಯುತ್ತಾರೆ. ಸೊಸೆ ಹೇಳಿದ ಉಪಾಯ ಸರಿಯಾದುದೇ. ಆದರೆ ಕಾರಣ ಬಿಸಿಲೊಂದೇ ಆಗಿರಬೇಕಿಲ್ಲ. ಆ ಬಿಸಿಲು ಬೇಯಿಸಿದ ಗಾಳಿಯೂ ಆಗಿರಬಹುದು.

ಓಜೋನ್ ಎದೆಯೊಳಗೆ ಏನು ಮಾಡುತ್ತದೆ? ಇದು ನೀರಿನಲ್ಲಿ ಅಷ್ಟಾಗಿ ಕರಗದ ಅನಿಲ. ಆದ್ದರಿಂದ ಮೂಗು ಗಂಟಲುಗಳ ತೇವ ಇದನ್ನು ಪೂರ್ತಿಯಾಗಿ ಹಿಡಿದುಕೊಳ್ಳಲಾರದು. ಶ್ವಾಸನಾಳದ ಸಣ್ಣ ಕವಲುಗಳವರೆಗೂ, ಗಾಳಿಚೀಲಗಳವರೆಗೂ ಇಳಿಯುತ್ತದೆ. ಅಲ್ಲಿನ ತೆಳುವಾದ ದ್ರವದ ಪೊರೆಯ ಮೇಲೆ ಎರಗಿ, ಅದರಲ್ಲಿರುವ ರಕ್ಷಕ ಪದಾರ್ಥಗಳನ್ನು ಮುಗಿಸಿ, ಕೆಳಗಿನ ಜೀವಕೋಶಗಳನ್ನು ಕೆರಳಿಸುತ್ತದೆ. ಬಿಸಿಲಿಗೆ ಸುಟ್ಟ ಚರ್ಮ ಕೆಂಪಾಗಿ ಊದುವಂತೆ ಶ್ವಾಸನಾಳದ ಒಳಮೈ ಊದಿಕೊಳ್ಳುತ್ತದೆ. ಅಲ್ಲಿನ ನರಗಳು ಕೆರಳಿ, ಉದ್ದನೆಯ ಉಸಿರು ಎಳೆಯುವಾಗ ನೋವಾಗುತ್ತದೆ; ದೇಹ ತಾನಾಗಿಯೇ ಉಸಿರನ್ನು ಮೊಟಕುಗೊಳಿಸುತ್ತದೆ. ಒಣಕೆಮ್ಮು, ಗಂಟಲ ಕೆರೆತ, ಎದೆಯ ಬಿಗಿತ ಇವು ಇದರ ಲಕ್ಷಣಗಳು. ಆರೋಗ್ಯವಂತರಲ್ಲಿ ಇದು ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ಇಳಿಯುತ್ತದೆ.

ಇದು ಊಹೆಯ ಮಾತಲ್ಲ. ಆರೋಗ್ಯವಂತ ಯುವಕರನ್ನು ಕೊಠಡಿಯೊಂದರಲ್ಲಿ ಕೂರಿಸಿ, ಸುಮಾರು ಆರೂವರೆ ಗಂಟೆಗಳ ಕಾಲ ಮಧ್ಯೆ ಮಧ್ಯೆ ವ್ಯಾಯಾಮ ಮಾಡಿಸಿ, ಗಾಳಿಯ ನೂರು ಕೋಟಿ ಪಾಲಿನಲ್ಲಿ ಕೇವಲ 80 ಪಾಲು ಓಜೋನ್ ಬೆರೆಸಿ ಪರೀಕ್ಷಿಸಿದ್ದಾರೆ. ಅಷ್ಟಕ್ಕೇ ಅವರ ಶ್ವಾಸಕೋಶದ ಶಕ್ತಿ ಕುಗ್ಗಿದ್ದು ಅಳತೆಯಲ್ಲಿ ಕಂಡಿತು. ವ್ಯಾಯಾಮ ಏಕೆ ಮಾಡಿಸಿದರು? ಸುಮ್ಮನೆ ಕುಳಿತವರು ನಿಮಿಷಕ್ಕೆ ಆರೆಂಟು ಲೀಟರು ಗಾಳಿ ಎಳೆದುಕೊಂಡರೆ, ಮೈಮುರಿದು ದುಡಿಯುವವರು ನಲವತ್ತು ಲೀಟರಿಗೂ ಮೀರಿ ಎಳೆಯುತ್ತಾರೆ, ಅದೂ ಬಾಯಿಂದ. ಅಂದರೆ ಒಂದೇ ಗಾಳಿಯಲ್ಲಿ ಫ್ಯಾನಿನ ಕೆಳಗೆ ಕುಳಿತವರಿಗಿಂತ ಹಾರೆ ಹಿಡಿದವರಿಗೆ ಸೇರುವ ಓಜೋನ್ ಹಲವು ಪಾಲು ಹೆಚ್ಚು. ದುಡಿಯುವವರ ಎದೆಗೇ ಇದರ ಪೆಟ್ಟು ಮೊದಲು.

ಎರಡನೆಯವರು ಮಕ್ಕಳು. ದಕ್ಷಿಣ ಕ್ಯಾಲಿಫೋರ್ನಿಯಾದ ಶಾಲಾಮಕ್ಕಳನ್ನು ಹಲವು ವರ್ಷ ಗಮನಿಸಿ 2002ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಓಜೋನ್ ಹೆಚ್ಚಿರುವ ಊರುಗಳಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಆಟಗಳಲ್ಲಿ ತೊಡಗಿದ್ದ ಮಕ್ಕಳಿಗೆ, ಆಟವಾಡದ ಮಕ್ಕಳಿಗಿಂತ ಹೊಸದಾಗಿ ಉಬ್ಬಸ ಬರುವ ಸಂಭವ ಮೂರು ಪಟ್ಟಿಗೂ ಹೆಚ್ಚಿತ್ತು. ಓಜೋನ್ ಕಡಿಮೆಯಿದ್ದ ಊರುಗಳಲ್ಲಿ ಆಟದಿಂದ ಇಂಥ ತೊಂದರೆ ಕಾಣಲಿಲ್ಲ. ಆಟ ತಪ್ಪಲ್ಲ, ಆಡುವ ಹೊತ್ತು ಮತ್ತು ಗಾಳಿ ಮುಖ್ಯ ಎಂಬುದು ಇದರ ಪಾಠ. ಮೂರನೆಯವರು ವಯಸ್ಸಾದವರು. ನಾಲ್ಕನೆಯವರು ಈಗಾಗಲೇ ಉಬ್ಬಸ, ಗೂರಲು, ಹಳೆಯ ಕಫದ ಕೆಮ್ಮು ಇರುವವರು. ಅವರ ಕೆರಳಿದ ಶ್ವಾಸನಾಳಕ್ಕೆ ಓಜೋನ್ ಎಂದರೆ ಗಾಯದ ಮೇಲೆ ಉಪ್ಪು. ಹೆಚ್ಚು ಓಜೋನಿನ ದಿನಗಳಲ್ಲಿ ಇಂಥವರು ಆಸ್ಪತ್ರೆ ಸೇರುವುದು ಹೆಚ್ಚುತ್ತದೆಂದು ಅನೇಕ ದೇಶಗಳ ಲೆಕ್ಕಗಳು ತೋರಿಸಿವೆ.

ವರ್ಷಗಟ್ಟಲೆ ಉಸಿರಾಡಿದರೆ? ಜಾಗತಿಕ ಅಂದಾಜೊಂದರ ಪ್ರಕಾರ 2021ರಲ್ಲಿ ಓಜೋನಿನ ಕಾರಣದಿಂದ, ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ರೋಗದಲ್ಲಿ ಪ್ರಪಂಚದಲ್ಲಿ ಸುಮಾರು 4 ಲಕ್ಷ 90 ಸಾವಿರ ಜನ ಸತ್ತರು. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಭಾರತದವರು. ಮುಖ್ಯವಾದ ಇನ್ನೊಂದು ಸಂಗತಿ ಗಮನಿಸಿ. ದಿನವೂ ಓಜೋನಿಗೆ ಒಡ್ಡಿಕೊಂಡವರಿಗೆ ಮೂರ್ನಾಲ್ಕು ದಿನಗಳಲ್ಲಿ ಕೆಮ್ಮು, ಬಿಗಿತ ಕಡಿಮೆಯಾಗುತ್ತವೆ. ‘ಅಭ್ಯಾಸವಾಯಿತು’ ಎಂದು ನಾವು ಸಮಾಧಾನ ಪಡುತ್ತೇವೆ. ಕಡಿಮೆಯಾಗುವುದು ತೊಂದರೆಯ ಅರಿವು ಮಾತ್ರ. ಒಳಗಿನ ಊತ ಮುಂದುವರಿಯಬಲ್ಲುದು. ನೋವಿಲ್ಲವೆಂದು ಗಾಯವಿಲ್ಲವೆಂದಲ್ಲ.

ಹಾಗೆಂದು ಎದೆಯ ಎಲ್ಲ ತೊಂದರೆಗೂ ಓಜೋನಿನ ಮೇಲೆ ಗೂಬೆ ಕೂರಿಸುವುದು ಸರಿಯಲ್ಲ. ನಮ್ಮ ಭಾಗದಲ್ಲಿ ಅದಕ್ಕಿಂತ ದೊಡ್ಡ ಶತ್ರುಗಳಿವೆ. ಮೊದಲನೆಯದು ಬೀಡಿ, ಸಿಗರೇಟು. ಎರಡನೆಯದು ಸೌದೆಯ ಹೊಗೆ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ವೈದ್ಯರು ನಮ್ಮ ಜಿಲ್ಲೆಯ ಗ್ರಾಮೀಣ ಮಹಿಳೆಯರನ್ನು ಪರೀಕ್ಷಿಸಿ 2013ರಲ್ಲಿ ಒಂದು ಉಪಯುಕ್ತ ಲೆಕ್ಕವನ್ನು ಪ್ರಕಟಿಸಿದರು. ಸೌದೆ ಒಲೆಯ ಮುಂದೆ ದಿನಕ್ಕೆ ಎಷ್ಟು ಗಂಟೆ ಕೂರುತ್ತೀರಿ, ಎಷ್ಟು ವರ್ಷದಿಂದ ಕೂರುತ್ತಿದ್ದೀರಿ, ಎರಡನ್ನೂ ಗುಣಿಸಿ. ಗುಣಲಬ್ಧ 60 ಮುಟ್ಟಿದರೆ ದೀರ್ಘಕಾಲದ ಕಫದ ಕೆಮ್ಮಿನ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವರ್ಷವೆಂದರೆ ಅರವತ್ತಾಯಿತು. ಇಪ್ಪತ್ತಕ್ಕೆ ಮದುವೆಯಾಗಿ ಒಲೆ ಹಿಡಿದ ಹೆಣ್ಣುಮಗಳು ಮೂವತ್ತೈದಕ್ಕೇ ಈ ಗೆರೆ ದಾಟುತ್ತಾಳೆ. ಹೊಗೆಯಲ್ಲಿ ಹೀಗೆ ಬೆಂದ ಎದೆಯ ಮೇಲೆ ಬೇಸಿಗೆಯ ಓಜೋನ್ ಬಂದು ಕೂರುತ್ತದೆ ಎಂಬುದೇ ನಮ್ಮ ಚಿಂತೆ.

ಬ್ಯಾರನ್ನಿನ ಮಾತನ್ನೂ ಹೇಳಬೇಕು. ಒಂದು ಕಿಲೋ ಹದವಾದ ಸೊಪ್ಪಿಗೆ ಸುಮಾರು ನಾಲ್ಕೈದು ಕಿಲೋ ಸೌದೆ ಬೇಕು. ಐದಾರು ದಿನ ಹಗಲಿರುಳು ಒಲೆ ಕಾಯಬೇಕು. ರಾತ್ರಿ ಒಲೆಯ ಬಾಯಲ್ಲಿ ಮಲಗುವವರಿಗೆ ತಗಲುವುದು ಓಜೋನ್ ಅಲ್ಲ, ಸೂಕ್ಷ್ಮ ಕಣಗಳ ಹೊಗೆ ಮತ್ತು ಇಂಗಾಲದ ಮಾನಾಕ್ಸೈಡು. ಅದೇ ಹೊಗೆ ಹಗಲಿನಲ್ಲಿ ಬಿಸಿಲು ಕಂಡಾಗ ಓಜೋನಿಗೆ ಸಾಮಗ್ರಿಯಾಗುತ್ತದೆ. ಇನ್ನು ಹಸಿ ಸೊಪ್ಪು ಮುರಿಯುವಾಗ ಬರುವ ತಲೆಸುತ್ತು, ವಾಂತಿ ಬೇರೆಯದೇ ತೊಂದರೆ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿಯುವುದು ಅದಕ್ಕೆ ಕಾರಣ. ಮೈಮುಚ್ಚುವ ಬಟ್ಟೆ, ಕೈಗವಸು, ಕೆಲಸವಾದ ಕೂಡಲೇ ಸೋಪು ಹಾಕಿ ಸ್ನಾನ ಇದಕ್ಕೆ ಪರಿಹಾರ. ಕಾರಣ ತಿಳಿದರೆ ಉಪಾಯ ಸರಿಯಾಗಿರುತ್ತದೆ. ಅದಕ್ಕಾಗಿ ಇಷ್ಟು ವಿವರ.

ಗಾಳಿಯಲ್ಲಿ ಎಷ್ಟು ಓಜೋನ್ ಇರಬಹುದು? ನಮ್ಮ ದೇಶದ 2009ರ ಮಾನದಂಡದಂತೆ ಎಂಟು ಗಂಟೆಗಳ ಸರಾಸರಿ ಘನಮೀಟರಿಗೆ 100 ಮೈಕ್ರೋಗ್ರಾಂ, ಒಂದು ಗಂಟೆಯ ಸರಾಸರಿ 180 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯೂ 2021ರಲ್ಲಿ ಎಂಟು ಗಂಟೆಗಳಿಗೆ 100 ಮೈಕ್ರೋಗ್ರಾಂ ಎಂದೇ ಹೇಳಿದೆ. ಮೊಬೈಲ್ ಇರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಮಾಪನ ಕೇಂದ್ರಗಳಿರುವ ನಗರಗಳ ಗಾಳಿಯ ಗುಣಮಟ್ಟ ನೋಡಬಹುದು. ಆದರೆ ನಗರದ ಅಂಕಿ ಹಳ್ಳಿಯ ಅಂಕಿಯಲ್ಲ. ಅದರ ಕಾರಣವನ್ನು ಮೇಲೆಯೇ ಹೇಳಿದೆ. ಹಳ್ಳಿಯಲ್ಲಿರುವವರಿಗೆ ಪಂಚಾಂಗವೂ ಗಡಿಯಾರವೂ ಸಾಕು: ಫೆಬ್ರವರಿಯಿಂದ ಮೇವರೆಗೆ, ಹನ್ನೆರಡರಿಂದ ನಾಲ್ಕರವರೆಗೆ, ಗಾಳಿ ಬೀಸದ ಸುಡುಬಿಸಿಲಿನ ದಿನ ಎಚ್ಚರ.

ಹಾಗಾದರೆ ಮಾಡಬೇಕಾದುದೇನು?

ಮೊದಲನೆಯದು, ಹೊತ್ತಿನ ಬದಲಾವಣೆ. ಬೇಸಿಗೆಯಲ್ಲಿ ಬೆವರಿಳಿಯುವ ಕೆಲಸವನ್ನು ಬೆಳಿಗ್ಗೆ ಹನ್ನೊಂದರೊಳಗೆ ಮುಗಿಸಿ, ಉಳಿದದ್ದನ್ನು ಸಂಜೆಗೆ ಇಟ್ಟುಕೊಳ್ಳಿ. ನಮ್ಮ ಹಿರಿಯರು ಕೋಳಿ ಕೂಗುವಾಗಲೇ ಆರು ಕಟ್ಟಿ ಬಿಸಿಲೇರುವ ಮುನ್ನ ಬಿಡುತ್ತಿದ್ದರು. ಓಜೋನ್ ಎಂಬ ಹೆಸರು ತಿಳಿಯದಿದ್ದರೂ ಆ ಪದ್ಧತಿ ಅದರಿಂದಲೂ ಕಾಯುತ್ತಿತ್ತು. ಉದ್ಯೋಗ ಖಾತರಿಯ ಕೆಲಸಗಳಿಗೂ ಶಾಲೆಯ ಆಟದ ಅವಧಿಗೂ ಇದೇ ನಿಯಮ ಸಲ್ಲಬೇಕು. ಪಂಚಾಯಿತಿಯವರು, ಉಪಾಧ್ಯಾಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಂತಿ.

ಎರಡನೆಯದು, ಮನೆಯ ಒಳಗೆ ಬರುವುದು. ಮರದ ನೆರಳು ಬಿಸಿಲನ್ನು ತಡೆಯುತ್ತದೆ, ಓಜೋನನ್ನಲ್ಲ. ಮನೆಯೊಳಗೆ ಗೋಡೆ, ಬಟ್ಟೆಬರೆಗಳಿಗೆ ತಾಗಿ ಓಜೋನ್ ಬೇಗ ನಾಶವಾಗುತ್ತದೆ. ಹೊರಗಿಗಿಂತ ಒಳಗೆ ಸಾಮಾನ್ಯವಾಗಿ ಬಹಳ ಕಡಿಮೆಯಿರುತ್ತದೆ. ಆದರೆ ಆ ಹೊತ್ತಿನಲ್ಲಿ ಒಳಗೆ ಸೌದೆ ಒಲೆ ಹೊಗೆಯಾಡುತ್ತಿರಬಾರದು. ಮೂಗಿಗೆ ಕಟ್ಟುವ ಟವಲ್ಲು, ಬಟ್ಟೆಯ ಮಾಸ್ಕು ಧೂಳಿಗೆ ಸ್ವಲ್ಪ ಅಡ್ಡಿ; ಓಜೋನ್ ಅನಿಲವಾದ್ದರಿಂದ ಅದಕ್ಕೆ ಅಡ್ಡಿಯಿಲ್ಲ.

ಮೂರನೆಯದು, ಉಬ್ಬಸವಿರುವವರು ವೈದ್ಯರು ಹೇಳಿದ ಇನ್‌ಹೇಲರನ್ನು ತಪ್ಪದೆ ಬಳಸಬೇಕು. ‘ಒಂದು ಸಲ ಹಿಡಿದರೆ ಬಿಡಿಸಲಾಗದು’ ಎಂಬ ಮಾತು ಹಳ್ಳಿಗಳಲ್ಲಿ ಚಾಲ್ತಿಯಲ್ಲಿದೆ. ಅದು ತಪ್ಪು. ಇನ್‌ಹೇಲರಿನಿಂದ ಔಷಧಿ ಅಲ್ಪ ಪ್ರಮಾಣದಲ್ಲಿ ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ. ಮಾತ್ರೆಯಂತೆ ಇಡೀ ದೇಹಕ್ಕೆ ಹರಡುವುದಿಲ್ಲ. ದಿನನಿತ್ಯದ್ದನ್ನು ಬಿಟ್ಟು, ಉಸಿರು ಕಟ್ಟಿದಾಗ ಮಾತ್ರ ಪರಿಹಾರದ ಇನ್‌ಹೇಲರ್ ಹುಡುಕುವುದು, ಸೂರಿಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ. ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ತಡಮಾಡದೆ 108ಕ್ಕೆ ಕರೆಮಾಡಿ. ವಯಸ್ಸಾದವರಿಗೆ ಎದೆ ಹಿಡಿದುಕೊಂಡು ಬೆವರು, ತೋಳು ದವಡೆಗಳಲ್ಲಿ ನೋವು ಬಂದರೆ ಅದು ಹೃದಯಾಘಾತವಾಗಿರಬಹುದು. ಬಿಸಿಲು, ಗಾಳಿ ಎಂದು ಮಜ್ಜಿಗೆ ಕುಡಿಸಿ ಕೂರಿಸಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು.

ನಾಲ್ಕನೆಯದು, ಜಾಹೀರಾತಿಗೆ ಮರುಳಾಗದಿರುವುದು. ಮನೆಯ ಗಾಳಿಯನ್ನು ಶುದ್ಧಮಾಡುತ್ತದೆಂದು ಓಜೋನ್ ಬಿಡುವ ಯಂತ್ರಗಳನ್ನು ಮಾರುತ್ತಾರೆ. ಗಾಳಿಯಲ್ಲಿನ ಕ್ರಿಮಿಯನ್ನು ಕೊಲ್ಲುವಷ್ಟು ಓಜೋನ್ ಕೋಣೆಯಲ್ಲಿ ತುಂಬಿದರೆ ಅದು ಮನುಷ್ಯನ ಎದೆಗೂ ಕೇಡೇ. ಎದೆಗೆ ಕೇಡಿಲ್ಲದಷ್ಟು ಬಿಟ್ಟರೆ ಕ್ರಿಮಿಯೂ ಸಾಯದು. ಕೂಸು ಮಲಗುವ ಕೋಣೆಯಲ್ಲಂತೂ ಇಂಥ ಯಂತ್ರ ಬೇಡವೇ ಬೇಡ. ಓಜೋನಿನಿಂದ ಶುದ್ಧಿಮಾಡಿದ ಕುಡಿಯುವ ನೀರಿಗೆ ಹೆದರಬೇಕಿಲ್ಲ. ನೀರಿನಲ್ಲಿ ಅದು ಬೇಗ ಒಡೆದು ಆಮ್ಲಜನಕವಾಗುತ್ತದೆ. ವೆಲ್ಡಿಂಗ್ ಮಾಡುವ ತಮ್ಮಂದಿರು ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡದೆ ಗಾಳಿಯಾಡುವ ಕಡೆ ಮಾಡಬೇಕು.

ಐದನೆಯದು, ಸಾಮಗ್ರಿಯನ್ನೇ ಕಡಿಮೆ ಮಾಡುವುದು. ಸೂರ್ಯನೆಂಬ ಒಲೆಯನ್ನು ಆರಿಸಲು ನಮ್ಮಿಂದಾಗದು. ಒಲೆಗೆ ಇಡುವ ಪಾತ್ರೆ ನಮ್ಮ ಕೈಯಲ್ಲಿದೆ. ಹೊಲದ ಕಸವನ್ನು, ಹೊಗೆಸೊಪ್ಪಿನ ಕಡ್ಡಿಯನ್ನು ಸುಡದೆ ಬೇರೆ ಉಪಯೋಗಕ್ಕೆ ತನ್ನಿ. ಕಾಡಂಚಿನಲ್ಲಿ ಬೆಂಕಿ ಕಡ್ಡಿ ಗೀರುವಾಗ ನಿಮ್ಮ ಮನೆಯ ಮಗುವಿನ ಉಸಿರನ್ನು ನೆನೆಯಿರಿ. ಬ್ಯಾರನ್ನಿಗೆ ಚೆನ್ನಾಗಿ ಒಣಗಿದ ಸೌದೆ ಹಾಕಿ, ಕಾವು ಸೋರದಂತೆ ಛಾವಣಿ, ಬಾಗಿಲು ಭದ್ರಮಾಡಿ. ಸೌದೆಯೂ ಉಳಿಯುತ್ತದೆ, ಹೊಗೆಯೂ ತಗ್ಗುತ್ತದೆ. ಗೊಬ್ಬರವನ್ನು ಅಳತೆಗೆ ಹಾಕಿ. ಅಡಿಗೆಗೆ ಗ್ಯಾಸಿದ್ದೂ ನೀರು ಕಾಯಿಸಲು ಸೌದೆ ಉರಿಸುವ ಮನೆಗಳು ಇನ್ನೂ ಅನೇಕ. ಬಿಸಿಲು ನೀರಿನ ವ್ಯವಸ್ಥೆ ಸಾಧ್ಯವಿದ್ದವರು ಮಾಡಿಕೊಳ್ಳಿ. ಮಧ್ಯಾಹ್ನ ಬಾಧಿಸುವ ಸೂರ್ಯನಿಂದಲೇ ನೀರು ಕಾಯಿಸಿಕೊಳ್ಳುವುದು ಜಾಣತನವಲ್ಲವೇ?

ಆತ್ಮೀಯರೇ, ಹರಾಜು ಮಾರುಕಟ್ಟೆಯಲ್ಲಿ ನಮ್ಮ ಬೇಲನ್ನು ಬಿಚ್ಚಿ ಎಲೆಯನ್ನು ತಿರುವಿ ತಿರುವಿ ನೋಡುತ್ತಾರೆ. ಬಣ್ಣ ನೋಡುತ್ತಾರೆ, ಚುಕ್ಕೆ ಲೆಕ್ಕ ಹಾಕುತ್ತಾರೆ, ಒಂದು ಕಲೆಗೆ ದರ ಇಳಿಸುತ್ತಾರೆ. ಎಲೆಯ ಚುಕ್ಕೆಗೆ ನಾವೂ ಅಷ್ಟೇ ಕಾಳಜಿ ಮಾಡುತ್ತೇವೆ. ಆ ಎಲೆಯನ್ನು ಬೆಳೆದವರ ಎದೆಯನ್ನು ಹೀಗೆ ಬಿಚ್ಚಿ ನೋಡುವವರು ಯಾರೂ ಇಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು. ಈ ಬೇಸಿಗೆಯಲ್ಲಿ ನಿಮ್ಮ ಮನೆಯ ಹಿರಿಯರು ಮಧ್ಯಾಹ್ನದ ಹೊತ್ತು ‘ಎದೆ ಹಿಡ್ಕಂಡಂಗಾಯ್ತದೆ’ ಎಂದರೆ ಝಳವೆಂದು ತಳ್ಳಿಹಾಕಬೇಡಿ. ಒಳಗೆ ಕರೆದು ಕೂರಿಸಿ, ವಿಚಾರಿಸಿ, ಮರುಕಳಿಸಿದರೆ ವೈದ್ಯರಿಗೆ ತೋರಿಸಿ, ನಾಳೆಯ ಕೆಲಸವನ್ನು ಬೆಳಗಿನ ಹೊತ್ತಿಗೆ ಬದಲಿಸಿ. ಇದಕ್ಕೆ ಹಣದ ಖರ್ಚಿಲ್ಲ, ಸ್ವಲ್ಪ ತಿಳಿವಳಿಕೆಯ ಖರ್ಚು ಮಾತ್ರ.